ಸರಪಳಿ ಇಲ್ಲದ ಮೋಜಣಿ

ಬೇಸಗೆಯಲ್ಲಿ ಅಬ್ಬಿಗೇರಿಗೆ ಹೋಗಿದ್ದೆ. ರೋಣದ ಕಡೆಯ ಎರೆ ಸೀಮೆಯ ಊರು. ಕಡಲೆ, ಕುಸುಬಿ, ಬಿಳಿಜೋಳದ ಸುಗ್ಗಿ ಮುಗಿದು ಹೊಲಗಳು ಬಿರುಕು ಬಿಟ್ಟುಕೊಂಡು ಮಳೆಯ ದಾರಿ ನೋಡುತ್ತಿದ್ದವು. ಸೆಕೆಯ ದಿನಗಳಲ್ಲಿ ರಾತ್ರಿ ಊಟ ಮುಗಿಸಿ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗುವುದು ಆ ಕಡೆಯ ರೂಢಿ. ಪಕ್ಕದಲ್ಲಿ ಮಲಗಿದ್ದ ನಮ್ಮ ಕಾಕಾ ಬೆಳಿಗ್ಗೆ ಪತ್ರಿಕೆಯಲ್ಲಿ ಓದಿದ್ದ ಒಂದು ಸುದ್ದಿಯನ್ನು ನೆನೆಸಿಕೊಂಡರು. ಸಾವಿರದ ಮುನ್ನೂರು ಕೋಟಿ ವರ್ಷಗಳಿಗೂ ಹಿಂದೆ ಹೊರಟ ಬೆಳಕು ಒಂದು ದೂರದರ್ಶಕಕ್ಕೆ ಸಿಕ್ಕಿದೆ ಎಂಬುದು ಆ ಸುದ್ದಿ.

“ಇದನ್ನ ಅಳದವರು ಯಾರೋ ತಮ್ಮಾ? ಸರಪಳಿ ಎಲ್ಲಿ ಹಿಡದ್ರು, ಎಲ್ಲಿ ಬಿಟ್ರು?” ಎಂದು ಕೇಳಿದರು.

ಚೇಷ್ಟೆಯ ಪ್ರಶ್ನೆಯಲ್ಲ ಅದು. ಕಾಕಾ ಹರೆಯದಲ್ಲಿ ಮೋಜಣಿದಾರರ ಜೊತೆಗೆ ಸರಪಳಿ ಹಿಡಿದು ಹೊಲದಿಂದ ಹೊಲಕ್ಕೆ ಅಲೆದವರು. 33 ಅಡಿ ಉದ್ದ, 33 ಅಡಿ ಅಗಲವಾದರೆ ಒಂದು ಗುಂಟೆ, ಅಂಥ 40 ಗುಂಟೆಗೆ ಒಂದು ಎಕರೆ ಎಂಬ ಲೆಕ್ಕ ಅವರ ಕಾಲಿಗೇ ಗೊತ್ತು. ನಡೆಯದೆ ಅಳೆದ ಅಳತೆಯನ್ನು ಅವರು ನಂಬುವುದಿಲ್ಲ. ಪತ್ರಿಕೆಯಲ್ಲಿ ಬಂದಿದೆ ಎಂದ ಮಾತ್ರಕ್ಕೆ ನಂಬಬೇಕಾದ ಕಾರಣವೂ ಇಲ್ಲ. ಆ ರಾತ್ರಿ ನನಗೆ ತೋಚಿದಂತೆ ಉತ್ತರ ಹೇಳಿದೆ. ಹೇಳಿದ್ದು ಸಾಲದೆನಿಸಿದ್ದರಿಂದ ಈಗ ಬರೆಯಲು ಕುಳಿತಿದ್ದೇನೆ.

ಈ ಮೋಜಣಿಯ ಕಥೆಯ ಒಂದು ಕೊನೆ ನಮ್ಮ ಸೀಮೆಯಲ್ಲಿಯೇ ಇದೆ. ಅಬ್ಬಿಗೇರಿಯಿಂದ ಉತ್ತರಕ್ಕೆ ಮಲಪ್ರಭೆಯನ್ನೂ ಘಟಪ್ರಭೆಯನ್ನೂ ದಾಟಿ ಹೋದರೆ ಜಮಖಂಡಿ ಸಿಗುತ್ತದೆ. ಆಗ ಅದು ಪಟವರ್ಧನರ ಸಂಸ್ಥಾನ. 1868ನೆಯ ಇಸವಿ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಪಶ್ಚಿಮ ಕರಾವಳಿಯಿಂದ ಬಿಜಾಪುರ ಸೀಮೆಯ ಮೇಲೆ ಹಾದು ಗುಂಟೂರು, ಮಚಲೀಪಟ್ಟಣಗಳ ಕಡೆ ಓಡಿತು. ಸೂರ್ಯ ಐದು ನಿಮಿಷಕ್ಕೂ ಹೆಚ್ಚು ಹೊತ್ತು ಪೂರ್ತಿ ಮರೆಯಾಗುವಂಥ ದೊಡ್ಡ ಗ್ರಹಣ. ಲಂಡನ್ನಿನ ರಾಯಲ್ ಸೊಸೈಟಿಯವರು ತಮ್ಮ ಉಪಕರಣಗಳನ್ನು ವಹಿಸಿಕೊಟ್ಟದ್ದು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬ ಅಧಿಕಾರಿಗೆ. ಆತನೂ ಮೋಜಣಿದಾರನೇ. ಇಡೀ ಹಿಂದುಸ್ತಾನವನ್ನು ತ್ರಿಕೋನಗಳಲ್ಲಿ ಕಟ್ಟಿ ಅಳೆಯುತ್ತಿದ್ದ ಮಹಾ ತ್ರಿಕೋನಮಿತಿ ಮೋಜಣಿಯಲ್ಲಿ ಅವನಿಗೆ ನೌಕರಿ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ ಬೇರೆ. ನೆಲ ಅಳೆಯುವವನ ಕೈಗೆ ಆಕಾಶದ ಕೆಲಸ ಬಂತು.

ಆ ದಿನ ಜಮಖಂಡಿಯ ಆಕಾಶದಲ್ಲಿ ಮೋಡ. ಮಳೆಗಾಲದ ನಡುವೆ ಬಂದ ಗ್ರಹಣಕ್ಕೆ ಮೋಡವಿಲ್ಲದೆ ಹೇಗಿದ್ದೀತು? ಅದು ಹರಿದ ಸಂದಿಯಲ್ಲಿ ಹರ್ಷೆಲನಿಗೆ ಸಿಕ್ಕಿದ್ದು ಸ್ವಲ್ಪವೇ ಹೊತ್ತು. ಅಷ್ಟರಲ್ಲಿ ಮುಚ್ಚಿದ ಸೂರ್ಯನ ಅಂಚಿನಲ್ಲಿ ಎದ್ದಿದ್ದ ಒಂದು ಜ್ವಾಲೆಯ ಬೆಳಕನ್ನು ರೋಹಿತದರ್ಶಕದಲ್ಲಿ ಹಿಡಿದು ನೋಡಿದನು. ಮೂರು ಗೆರೆಗಳು ಹೊಳೆದವು: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ.

ರೋಹಿತ ಎಂದರೇನೆಂದು ಇಲ್ಲಿ ಹೇಳಬೇಕು. ಬಿಸಿಲನ್ನು ಮುಮ್ಮೂಲೆ ಗಾಜಿನಲ್ಲಿ ಹಾಯಿಸಿದರೆ ಕೆಂಪಿನಿಂದ ನೇರಿಳೆಯವರೆಗೆ ಕಾಮನಬಿಲ್ಲಿನ ಪಟ್ಟಿ ಬೀಳುತ್ತದೆ. ಅದೇ ರೋಹಿತ. ಜರ್ಮನಿಯ ಗಾಜಿನ ಕಸುಬುದಾರ ಫ್ರಾನ್‌ಹೋಫರ್ 1814ರಲ್ಲಿ ಆ ಪಟ್ಟಿಯನ್ನು ಹಿಗ್ಗಿಸಿ ನೋಡಿದಾಗ ಅದರಲ್ಲಿ ನೂರಾರು ಕಪ್ಪು ಗೆರೆಗಳು ಕಂಡವು. ಅವುಗಳ ಅರ್ಥ ಗೊತ್ತಾಗಲು ಮತ್ತೆ 45 ವರ್ಷ ಬೇಕಾಯಿತು. ಉರಿಯುವ ಒಲೆಗೆ ಚಿಟಿಕೆ ಉಪ್ಪು ಬಿದ್ದರೆ ಉರಿ ಹಳದಿಯಾಗುವುದನ್ನು ಯಾವ ಮನೆಯ ಹೆಣ್ಣುಮಗಳು ನೋಡಿಲ್ಲ? ಅದು ಉಪ್ಪಿನಲ್ಲಿರುವ ಸೋಡಿಯಂನ ಬಣ್ಣ. ಕಾದ ಅನಿಲವಾದಾಗ ಒಂದೊಂದು ಧಾತುವೂ ತನಗೇ ಮೀಸಲಾದ ಜಾಗಗಳಲ್ಲಿ ಗೆರೆ ಎಳೆಯುತ್ತದೆ ಎಂಬುದನ್ನು 1859–60ರಲ್ಲಿ ಕಿರ್ಖಾಫ್ ಮತ್ತು ಬುನ್ಸೆನ್ ತೋರಿಸಿಕೊಟ್ಟರು. ಜಲಜನಕದ ಕೆಂಪು ಗೆರೆ 6563 ಆಂಗ್‌ಸ್ಟ್ರಾಮ್ ತರಂಗದ ಉದ್ದದಲ್ಲಿ ಬೀಳಬೇಕು. ಒಲೆಯಲ್ಲಾಗಲಿ, ಸೂರ್ಯನಲ್ಲಾಗಲಿ, ಅದು ಅಲ್ಲಿಯೇ. ಮೋಜಣಿಯ ಮಾತಿನಲ್ಲಿ ಹೇಳುವುದಾದರೆ ಅದು ನೆಟ್ಟ ಕಲ್ಲು.

ಜಮಖಂಡಿಯ ಕಿತ್ತಳೆ ಗೆರೆಯನ್ನು ಹರ್ಷೆಲ್ ಸೋಡಿಯಂನದೇ ಎಂದು ಎಣಿಸಿದನು. ಅದು ಸೋಡಿಯಂನ ಜಾಗಕ್ಕೆ ಬಹಳ ಹತ್ತಿರವಿತ್ತು, ಆದರೆ ಅದೇ ಜಾಗವಾಗಿರಲಿಲ್ಲ. ಅದೇ ಗ್ರಹಣವನ್ನು ಗುಂಟೂರಿನಲ್ಲಿ ನೋಡಿದ ಫ್ರಾನ್ಸಿನ ಜಾನ್ಸೆನ್, ಗ್ರಹಣ ಬಿಟ್ಟ ಮಾರನೆಯ ದಿನವೂ ಹಗಲಿನಲ್ಲೇ ಜ್ವಾಲೆಯ ಗೆರೆಗಳನ್ನು ನೋಡಬಹುದೆಂದು ತೋರಿಸಿದನು. ಇಂಗ್ಲೆಂಡಿನ ಲಾಕಿಯರ್ ಆ ಗೆರೆ ಭೂಮಿಯ ಮೇಲೆ ಗೊತ್ತಿಲ್ಲದ ಧಾತುವಿನದೆಂದು ಹಟ ಹಿಡಿದನು. 1895ರಲ್ಲಿ ಅದು ಭೂಮಿಯ ಮೇಲೂ ಸಿಕ್ಕಿತು. ಅದೇ ಹೀಲಿಯಂ. ಕಲ್ಲು ಎಲ್ಲಿ ನೆಟ್ಟಿದೆ ಎಂಬುದನ್ನು ಕೂದಲೆಳೆಯಷ್ಟು ತಪ್ಪಿಲ್ಲದೆ ನೋಡುವುದು ಎಷ್ಟು ಮುಖ್ಯ ಎಂಬುದಕ್ಕಾಗಿ ಇದನ್ನು ಹೇಳಿದೆ.

ಜಮಖಂಡಿಯಲ್ಲಿ ಗೆರೆ ಹೊಳೆದ ಅದೇ 1868ರಲ್ಲಿ, ಲಂಡನ್ನಿನ ವಿಲಿಯಂ ಹಗಿನ್ಸ್ ಎಂಬ ಶ್ರೀಮಂತ ಹವ್ಯಾಸಿ ಇನ್ನೊಂದು ಕೆಲಸ ಮಾಡಿದನು. ತನ್ನ ಮನೆಯ ದೂರದರ್ಶಕವನ್ನು ಲುಬ್ಧಕ ನಕ್ಷತ್ರಕ್ಕೆ ತಿರುಗಿಸಿ, ಅದರ ರೋಹಿತದಲ್ಲಿ ಜಲಜನಕದ ಒಂದು ಗೆರೆಯನ್ನು ಹುಡುಕಿ, ಪಕ್ಕದಲ್ಲಿಯೇ ಗಾಜಿನ ಕೊಳವೆಯಲ್ಲಿ ಉರಿಸಿದ ಜಲಜನಕದ ಗೆರೆಯನ್ನು ಇಟ್ಟು ತಾಳೆ ನೋಡಿದನು. ಎರಡೂ ಒಂದರ ಮೇಲೊಂದು ಕೂಡಲಿಲ್ಲ. ನಕ್ಷತ್ರದ ಗೆರೆ ತುಸುವೇ ಕೆಂಪಿನ ಕಡೆಗೆ ಸರಿದಿತ್ತು.

ಸರಿಯುವುದೇಕೆ? ಇದಕ್ಕೆ ಉತ್ತರ ಕಾಕಾನಿಗೂ ಗೊತ್ತಿರುವಂಥದೇ. ಗಜೇಂದ್ರಗಡದ ರಸ್ತೆಯಲ್ಲಿ ಹಾರ್ನ್ ಒತ್ತಿಕೊಂಡೇ ಬರುವ ಬಸ್ಸು ನಮ್ಮನ್ನು ದಾಟುವ ಕ್ಷಣದಲ್ಲಿ ಅದರ ದನಿ ಒಮ್ಮೆಲೇ ಇಳಿಯುತ್ತದೆ. ಬರುವಾಗ ಚೀರುದನಿ, ಹೋಗುವಾಗ ದಪ್ಪದನಿ. ಡ್ರೈವರು ಹಾರ್ನನ್ನು ಬದಲಿಸಿರುವುದಿಲ್ಲ. ಬರುವ ವಾಹನ ತನ್ನ ಅಲೆಗಳನ್ನು ಮುಂದಕ್ಕೆ ಒತ್ತೊತ್ತಾಗಿ ಕಳಿಸುತ್ತದೆ, ಹೋಗುವ ವಾಹನ ಅಗಲಗಲವಾಗಿ ಬಿಡುತ್ತದೆ. ಪ್ರಾಗ್ ನಗರದಲ್ಲಿದ್ದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಈ ಮಾತನ್ನು ಬೆಳಕಿಗೂ ಹಚ್ಚಿ ಹೇಳಿದನು. ಅದನ್ನು ಪರೀಕ್ಷಿಸಿದ ರೀತಿ ತಮಾಷೆಯಾಗಿದೆ. 1845ರಲ್ಲಿ ಹಾಲೆಂಡಿನ ಬೈಸ್ ಬಾಲಟ್ ಎಂಬಾತ ರೈಲಿನ ತೆರೆದ ಡಬ್ಬಿಯಲ್ಲಿ ತುತ್ತೂರಿ ಊದುವವರನ್ನು ಕೂರಿಸಿ, ಹಳಿಯ ಪಕ್ಕದಲ್ಲಿ ಶ್ರುತಿಜ್ಞಾನವುಳ್ಳ ಸಂಗೀತಗಾರರನ್ನು ನಿಲ್ಲಿಸಿ ಗಾಡಿ ಓಡಿಸಿದನು. ಸ್ವರ ಏರಿದ್ದನ್ನೂ ಇಳಿದದ್ದನ್ನೂ ಅವರು ಕಿವಿಯಿಂದಲೇ ಗುರುತಿಸಿದರು.

ಆದರೆ ಡಾಪ್ಲರನೇ ಒಂದು ಕಡೆ ಎಡವಿದ್ದನು. ನಕ್ಷತ್ರಗಳು ಕೆಂಪಾಗಿ, ನೀಲಿಯಾಗಿ ಕಾಣುವುದೇ ಅವುಗಳ ಓಟದಿಂದ ಎಂದು ಅವನ ಎಣಿಕೆ. ಅದು ನಿಜವಲ್ಲ. ಕೆಂಪು ನಕ್ಷತ್ರ ತಣ್ಣಗಿನದು, ನೀಲಿ ನಕ್ಷತ್ರ ಬಿಸಿಯದು, ಅಷ್ಟೇ. ಬಣ್ಣವನ್ನಲ್ಲ, ಗೆರೆಯನ್ನು ನೋಡಬೇಕೆಂದು 1848ರಲ್ಲಿ ಫ್ರಾನ್ಸಿನ ಫಿಜೋ ತಿದ್ದಿದನು. ಗೆರೆ ಎಷ್ಟು ಪಾಲು ಸರಿದಿದೆಯೋ, ವಸ್ತುವಿನ ವೇಗ ಬೆಳಕಿನ ವೇಗದ ಅಷ್ಟು ಪಾಲು. ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು. ಗೆರೆ ನೂರರಲ್ಲಿ ಒಂದು ಪಾಲು ಕೆಂಪಿಗೆ ಸರಿದರೆ ಆ ವಸ್ತು ಸೆಕೆಂಡಿಗೆ ಮೂರು ಸಾವಿರ ಕಿಲೋಮೀಟರು ವೇಗದಿಂದ ದೂರ ಹೋಗುತ್ತಿದೆ ಎಂದಾಯಿತು. ನೀಲಿಗೆ ಸರಿದರೆ ಹತ್ತಿರ ಬರುತ್ತಿದೆ. ಈ ಕೆಂಪಿನ ಕಡೆಯ ಸರಿತಕ್ಕೆ ಕೆಂಪುಪಲ್ಲಟ ಎಂಬ ಹೆಸರು ಕನ್ನಡದಲ್ಲಿ ನಿಂತಿದೆ.

ಹಗಿನ್ಸನ ಲೆಕ್ಕಕ್ಕೆ ಲುಬ್ಧಕ ಸೆಕೆಂಡಿಗೆ 29 ಮೈಲಿಗೂ ಮೇಲ್ಪಟ್ಟು ದೂರ ಓಡುತ್ತಿತ್ತು. ಆ ಲೆಕ್ಕ ತಪ್ಪು. ಲುಬ್ಧಕ ನಿಜವಾಗಿ ಸೆಕೆಂಡಿಗೆ ಸುಮಾರು ಐದೂವರೆ ಕಿಲೋಮೀಟರು ವೇಗದಲ್ಲಿ ನಮ್ಮ ಕಡೆಗೇ ಬರುತ್ತಿದೆ. ಚಳಿಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಡುಗುವ ಗೆರೆಯನ್ನು ಅಳೆಯುವುದು ಆಗದ ಕೆಲಸ. 1888ರಲ್ಲಿ ಜರ್ಮನಿಯ ಫೋಗೆಲ್ ಫೋಟೋ ಫಲಕದ ಮೇಲೆ ಗೆರೆಗಳನ್ನು ಹಿಡಿಯತೊಡಗಿದ ಮೇಲೆಯೇ ಅಳತೆಗೆ ಭರವಸೆ ಬಂತು. ಹಾಗಾದರೆ ಹಗಿನ್ಸನನ್ನು ನೆನೆಯುವುದೇಕೆ? ದಿಕ್ಕು ತಪ್ಪಿದರೂ ದಾರಿ ಅವನದೇ. ಮೊದಲ ಮೋಜಣಿಯ ನಕಾಶೆಯಲ್ಲಿ ತಪ್ಪಿದ್ದರೆ ಕಾಕಾ ಅದನ್ನು ಹರಿದು ಒಗೆಯುವುದಿಲ್ಲ, ಅದರ ಮೇಲೆಯೇ ತಿದ್ದುತ್ತಾರೆ.

ನಮ್ಮ ದಕ್ಷಿಣದಲ್ಲಿ ಈ ವಿದ್ಯೆಗೆ ನೆಲೆಯಾದದ್ದು ಕೊಡೈಕನಾಲಿನ ವೀಕ್ಷಣಾಲಯ. ಈಗ ಅದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ. 1909ರ ಜನವರಿಯಲ್ಲಿ ಅಲ್ಲಿ ಜಾನ್ ಎವರ್‌ಷೆಡ್ ಸೂರ್ಯನ ಕಲೆಗಳ ರೋಹಿತ ತೆಗೆದಾಗ ಗೆರೆಗಳು ಸೊಟ್ಟಗಿದ್ದವು. ಕಲೆಯ ಒಂದು ಅಂಚಿನಲ್ಲಿ ಗೆರೆ ನೀಲಿಗೆ ಬಾಗಿದ್ದರೆ ಎದುರಿನ ಅಂಚಿನಲ್ಲಿ ಕೆಂಪಿಗೆ. ಕಲೆಯ ನಡುವಿನಿಂದ ಅನಿಲ ಎಲ್ಲ ಕಡೆಗೂ ಹೊರಕ್ಕೆ ಹರಿಯುತ್ತಿದೆ, ಸೆಕೆಂಡಿಗೆ ಎರಡು ಕಿಲೋಮೀಟರಿನಷ್ಟು ವೇಗದಲ್ಲಿ, ಎಂಬುದು ಅದರ ಅರ್ಥ. ಕಲೆಯ ಯಾವ ಅಂಚು ನಮ್ಮ ಕಡೆಗೆ ಹರಿಯುತ್ತಿದೆಯೋ ಅದು ನೀಲಿ. ಜಗತ್ತಿನ ಪುಸ್ತಕಗಳಲ್ಲೆಲ್ಲ ಇದಕ್ಕೆ ಎವರ್‌ಷೆಡ್ ಪರಿಣಾಮವೆಂದೇ ಹೆಸರು.

ಇನ್ನು ನಮ್ಮ ಬಾಗಿಲಿಗೇ ಬಂದ ಮಾತು. 1980ನೆಯ ಇಸವಿ ಫೆಬ್ರುವರಿ 16, ಶನಿವಾರ, ಅಮಾವಾಸ್ಯೆ. ಖಗ್ರಾಸ ಗ್ರಹಣದ ನೆರಳು ಅಂಕೋಲೆಯ ಕಡೆಯಿಂದ ನಾಡಿನೊಳಕ್ಕೆ ಬಂದು ಹುಬ್ಬಳ್ಳಿ, ಗದಗು, ರಾಯಚೂರುಗಳನ್ನು ಮುಚ್ಚಿಕೊಂಡು ಪೂರ್ವಕ್ಕೆ ನಡೆಯಿತು. ಅಬ್ಬಿಗೇರಿಯೂ ಅದರೊಳಗೇ. ಆಗಿನ್ನೂ ಇದೆಲ್ಲ ಧಾರವಾಡ ಜಿಲ್ಲೆ. ಬೆಂಗಳೂರಿನ ಸಂಸ್ಥೆಯವರು ರಾಯಚೂರು ಸೀಮೆಯ ಜವಳಗೇರಾದಲ್ಲಿ ಬಿಡಾರ ಹೂಡಿದರು. ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯದ ಜೆ. ಎನ್. ದೇಸಾಯಿ, ಟಿ. ಚಂದ್ರಶೇಖರ್ ಮೊದಲಾದವರು ತಮ್ಮ ಉಪಕರಣವನ್ನು ತಂದು ನಿಲ್ಲಿಸಿದ್ದು ಗದಗಿನಲ್ಲಿ.

ಅವರು ನೋಡಹೊರಟದ್ದು ಸೂರ್ಯನ ಸುತ್ತಲಿನ ಪ್ರಭಾವಲಯದ ಒಂದು ಹಸಿರು ಗೆರೆಯನ್ನು. ಅದರ ಕಥೆಯೂ ಸ್ವಾರಸ್ಯವಾದುದೇ. 1869ರ ಅಮೇರಿಕದ ಗ್ರಹಣದಲ್ಲಿ 5303 ಆಂಗ್‌ಸ್ಟ್ರಾಮಿನ ಬಳಿ ಕಂಡ ಈ ಗೆರೆಯನ್ನು, ಹೀಲಿಯಂನ ಹಾಗೆ ಇದೂ ಹೊಸ ಧಾತುವಿನದಿರಬೇಕೆಂದು ಬಗೆದು ಅದಕ್ಕೆ ಕೊರೋನಿಯಂ ಎಂದು ಹೆಸರನ್ನೂ ಇಟ್ಟಿದ್ದರು. ಎಪ್ಪತ್ತು ವರ್ಷ ಹುಡುಕಿದರೂ ಅಂಥ ಧಾತು ಸಿಗಲಿಲ್ಲ. ಕೊನೆಗೆ ಜರ್ಮನಿಯ ಗ್ರೋಟ್ರಿಯನ್, ಸ್ವೀಡನ್ನಿನ ಎಡ್ಲೆನ್ ಇಬ್ಬರ ಕೆಲಸದಿಂದ ಅದು ಹಳೆಯ ಕಬ್ಬಿಣವೇ ಎಂದು ತಿಳಿಯಿತು. ಹತ್ತು ಲಕ್ಷ ಡಿಗ್ರಿಗೂ ಮೀರಿದ ಶಾಖದಲ್ಲಿ ತನ್ನ 26 ಎಲೆಕ್ಟ್ರಾನುಗಳಲ್ಲಿ 13ನ್ನು ಕಳೆದುಕೊಂಡ ಕಬ್ಬಿಣ. ಆ ಶಾಖದಲ್ಲಿ ಕಬ್ಬಿಣದ ಕಣಗಳು ಸೆಕೆಂಡಿಗೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರು ವೇಗದಲ್ಲಿ ದಿಕ್ಕುಗೆಟ್ಟು ಓಡಾಡುತ್ತವೆ. ನಮ್ಮ ಕಡೆ ಬರುವವು ಗೆರೆಯನ್ನು ನೀಲಿಗೆ, ಆ ಕಡೆ ಹೋಗುವವು ಕೆಂಪಿಗೆ ಎಳೆಯುತ್ತವೆ. ಹೀಗೆ ಗೆರೆ ಎರಡೂ ಪಕ್ಕಕ್ಕೆ ಹರಡಿ ಅಗಲವಾಗುತ್ತದೆ. ಅದರ ಅಗಲವನ್ನಳೆದರೆ ಕಣಗಳ ಗಡಿಬಿಡಿ ಗೊತ್ತಾಗುತ್ತದೆ. ಇಡೀ ಗೆರೆ ಒಂದು ಪಕ್ಕಕ್ಕೆ ಸರಿದಿದ್ದರೆ ಆ ಭಾಗದ ಅನಿಲವೆಲ್ಲ ಒಟ್ಟಾಗಿ ಹರಿಯುತ್ತಿದೆ ಎಂದರ್ಥ. ಸೆಕೆಂಡಿಗೆ ಒಂದು ಕಿಲೋಮೀಟರಿನ ಓಟಕ್ಕೆ ಗೆರೆ ಸರಿಯುವುದು ಮೂರು ಲಕ್ಷದಲ್ಲಿ ಒಂದು ಪಾಲು. ಮುಮ್ಮೂಲೆ ಗಾಜಿನಿಂದ ಆಗುವ ಮಾತಲ್ಲ ಇದು. ಎದುರುಬದುರಾಗಿ ನಿಲ್ಲಿಸಿದ ಎರಡು ಅರೆಗನ್ನಡಿಗಳ ನಡುವೆ ಬೆಳಕನ್ನು ಹಿಂದೆ ಮುಂದೆ ಓಡಾಡಿಸಿ ಬಳೆಬಳೆಯಾಗಿ ಬಿಡಿಸುವ ಫ್ಯಾಬ್ರಿ–ಪೆರೊ ಉಪಕರಣ ಅವರದು. ಆ ಬಳೆಗಳ ಫೋಟೋ ತೆಗೆಯಲು ಗದಗಿನ ಆಕಾಶ ಅವರಿಗೆ ಕೊಟ್ಟದ್ದು ಎರಡೂವರೆ ನಿಮಿಷದ ಮೇಲೆ ಕೆಲವು ಸೆಕೆಂಡು.

ಆ ಎರಡೂವರೆ ನಿಮಿಷ ನಾನೆಲ್ಲಿದ್ದೆ? ಗದಗಿನಿಂದ ಕೆಲವೇ ಹರದಾರಿ ದೂರದ ಅಬ್ಬಿಗೇರಿಯಲ್ಲಿ, ಮುಚ್ಚಿದ ಬಾಗಿಲ ಹಿಂದೆ. ಒಲೆ ಆರಿತ್ತು. ನೀರಿನ ಕೊಡಕ್ಕೆ ದರ್ಭೆ ಬಿದ್ದಿತ್ತು. ಮಕ್ಕಳನ್ನೆಲ್ಲ ನಡುಮನೆಯಲ್ಲಿ ಕೂಡಿಹಾಕಿ ಅಗಳಿ ಹಾಕಿದವರು ಈ ಕಾಕಾನೇ. ಪಡುವಣ ಬಾಗಿಲಿನ ಹಲಗೆಯಲ್ಲಿ ಗಂಟು ಉದುರಿ ಆದ ಒಂದು ಸಣ್ಣ ತೂತಿತ್ತು. ಮೂರೂವರೆಯ ಸುಮಾರಿಗೆ ಅದರಿಂದ ಎದುರು ಗೋಡೆಯ ಮೇಲೆ ಬೀಳುವ ದುಂಡನೆಯ ಬಿಸಿಲು ಅಂದು ಬಿದಿಗೆಯ ಚಂದ್ರನಂತೆ ಸಣ್ಣಗಾಯಿತು. ಆಮೇಲೆ ಇಲ್ಲವಾಯಿತು. ಹಿತ್ತಲಲ್ಲಿ ಕೋಳಿಗಳು ಗೂಡು ಸೇರುವ ಸದ್ದು ಕೇಳಿತು. ಇಷ್ಟೇ ನಾನು ಕಂಡ ಗ್ರಹಣ. ಅಂದು ನಾಡಿನ ಎಷ್ಟೋ ಊರುಗಳಲ್ಲಿ ಬೀದಿಗಳು ಹೀಗೆಯೇ ಬರಿದಾಗಿದ್ದವು. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದೆಂಬ ಎಚ್ಚರಿಕೆ ಸರಿಯಾದದ್ದೇ. ಆದರೆ ಸೂರ್ಯ ಪೂರ್ತಿ ಮುಚ್ಚಿದ ಆ ಎರಡೂವರೆ ನಿಮಿಷ ಕಣ್ಣಿಗೆ ಅಪಾಯವಿಲ್ಲವೆಂದೂ ಅದನ್ನೇ ನೋಡಲು ಅಹಮದಾಬಾದಿನಿಂದ ಜನ ಬಂದಿದ್ದಾರೆಂದೂ ನಮಗೆ ಹೇಳಿದವರಿಲ್ಲ. ಈ ಸೀಮೆಯ ಹಳಗಾಲದ ಶಾಸನಗಳಲ್ಲಿ ಸೂರ್ಯಗ್ರಹಣದ ನಿಮಿತ್ತ ಭೂಮಿ ಬಿಟ್ಟ ದಾನಗಳು ಎಷ್ಟೋ ಇವೆ. ಗ್ರಹಣವನ್ನು ಕಲ್ಲಿನಲ್ಲಿ ಕೊರೆದಿಟ್ಟ ಜನ, ಅದು ಮನೆಯ ಮೇಲೆ ಬಂದಾಗ ಕದ ಮುಚ್ಚಿದರು.

ಈ ಮಾತು ಮಾಳಿಗೆಯ ಮೇಲೆ ಬಂದಾಗ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಪ್ರಶ್ನೆಗೇ ಮರಳಿದರು. “ಓಟ ತಿಳೀತು ಬಿಡು. ಬಸ್ಸು ಎಷ್ಟು ಜೋರು ಹೊಂಟೈತಿ ಅಂತ ಹಾರ್ನ್ ಕೇಳಿ ಹೇಳಬಹುದು. ಎಷ್ಟು ದೂರ ಐತಿ ಅಂತ ಹೆಂಗ ಹೇಳ್ತಿ?”

ಕಾಕಾ ಹಿಡಿದದ್ದು ಸರಿಯಾದ ಎಳೆಯನ್ನೇ. ಗೆರೆಯ ಸರಿತ ಹೇಳುವುದು ಓಟವನ್ನು ಮಾತ್ರ. ದೂರವನ್ನು ಅದು ತಾನಾಗಿ ಹೇಳುವುದಿಲ್ಲ. ಈ ಎರಡನ್ನು ಬೆಸೆಯಲು ಬೇರೆಯೇ ಒಂದು ಅಳತೆಗೋಲು ಬೇಕಾಯಿತು. ಅದನ್ನು ಕೊಟ್ಟವಳು ಅಮೇರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಫೋಟೋ ಫಲಕಗಳನ್ನು ಎಣಿಸುವ ಕೆಲಸಕ್ಕಿದ್ದ ಹೆನ್ರಿಯೆಟಾ ಲೆವಿಟ್ ಎಂಬ ಮಹಿಳೆ. ಸೆಫೀಡ್ ಎಂಬ ಜಾತಿಯ ನಕ್ಷತ್ರಗಳು ಕೆಲವು ದಿನಗಳಿಗೊಮ್ಮೆ ಉಬ್ಬಿ ಕುಗ್ಗಿ, ಬೆಳಕು ಹೆಚ್ಚಿ ಕಡಿಮೆಯಾಗುತ್ತವೆ. ಮಿಣುಕುವ ಅವಧಿ ದೀರ್ಘವಾದಷ್ಟೂ ನಕ್ಷತ್ರದ ನಿಜವಾದ ಕಾಂತಿ ಹೆಚ್ಚು ಎಂಬ ನಿಯಮವನ್ನು ಆಕೆ 1912ರಲ್ಲಿ ಖಚಿತವಾಗಿ ತೋರಿಸಿದಳು. ಒಂದೇ ಬತ್ತಿಯ ಎರಡು ಕಂದೀಲುಗಳನ್ನು ಹೊಲದಲ್ಲಿ ಇಟ್ಟರೆ ಮಸುಕಾಗಿ ಕಾಣುವುದು ದೂರದ್ದು. ಎರಡರಷ್ಟು ದೂರವಾದರೆ ಬೆಳಕು ಕಾಲು ಭಾಗ. ಮಿಣುಕನ್ನು ಎಣಿಸಿ ಬತ್ತಿಯ ಗಾತ್ರ ತಿಳಿದುಕೊಂಡರೆ, ಮಸುಕನ್ನು ಅಳೆದು ದೂರ ಹೇಳಬಹುದು.

ಅದೇ 1912ರಲ್ಲಿ ಅಮೇರಿಕದ ಇನ್ನೊಂದು ಮೂಲೆಯಲ್ಲಿ ಸ್ಲೈಫರ್ ಎಂಬಾತ ದೇವಯಾನಿಯ ನೀಹಾರಿಕೆಯ ರೋಹಿತವನ್ನು ರಾತ್ರಿಗಟ್ಟಲೆ ಒಂದೇ ಫಲಕದ ಮೇಲೆ ಬೀಳಿಸಿ ಹಿಡಿದನು. ಅದು ಸೆಕೆಂಡಿಗೆ 300 ಕಿಲೋಮೀಟರು ವೇಗದಲ್ಲಿ ನಮ್ಮ ಕಡೆಗೆ ಬರುತ್ತಿತ್ತು, ಎಂದರೆ ನೀಲಿ. ಆದರೆ ಮುಂದಿನ ಐದು ವರ್ಷಗಳಲ್ಲಿ ಲೆಕ್ಕ ಸಿಕ್ಕ 25 ನೀಹಾರಿಕೆಗಳಲ್ಲಿ 21 ಕೆಂಪಿಗೇ ಸರಿದಿದ್ದವು. ಏಕೆಂದು ಅವನಿಗೆ ತಿಳಿಯಲಿಲ್ಲ. ಅವು ನಮ್ಮ ಆಕಾಶಗಂಗೆಯೊಳಗಿನ ಮೋಡಗಳೋ, ಆಚೆಯ ಬೇರೆ ನಕ್ಷತ್ರಲೋಕಗಳೋ ಎಂಬುದೇ ಆಗ ಇತ್ಯರ್ಥವಾಗಿರಲಿಲ್ಲ.

ಇತ್ಯರ್ಥ ಮಾಡಿದ್ದು ಎಡ್ವಿನ್ ಹಬಲ್. 1923ರಲ್ಲಿ ದೇವಯಾನಿಯಲ್ಲಿ ಅವನಿಗೆ ಲೆವಿಟ್ಟಳ ಒಂದು ಮಿಣುಕು ನಕ್ಷತ್ರ ಸಿಕ್ಕಿತು. ಲೆಕ್ಕ ಹಾಕಿದರೆ ಅದು ಆಕಾಶಗಂಗೆಯ ಹೊರಗೆ, ಬಲು ದೂರ. ಆಮೇಲೆ ಒಂದೊಂದಾಗಿ 24 ನೀಹಾರಿಕೆಗಳ ದೂರವನ್ನು ಕೂಡಿಹಾಕಿ, ಪಕ್ಕದಲ್ಲಿ ಅವುಗಳ ಓಟವನ್ನು ಬರೆದು 1929ರಲ್ಲಿ ಒಂದು ಚಿತ್ರ ಬಿಡಿಸಿದನು. ಓಟದ ಲೆಕ್ಕಗಳು ಬಹುಪಾಲು ಸ್ಲೈಫರನವೇ. ಎರಡರಷ್ಟು ದೂರದ್ದು ಎರಡರಷ್ಟು ವೇಗದಲ್ಲಿ ಹೋಗುತ್ತಿತ್ತು. ಈ ಸಂಬಂಧವನ್ನು ಬೆಲ್ಜಿಯಂನ ಪಾದ್ರಿ ಲಮೇತ್ರ್ 1927ರಲ್ಲಿಯೇ ಗಣಿತದಿಂದ ಕಂಡಿದ್ದರೂ, ಬರೆದದ್ದು ಹೆಚ್ಚು ಜನ ಓದದ ಪತ್ರಿಕೆಯಲ್ಲಿ. ಹಬಲನ ಜೊತೆಗಾರ ಹ್ಯೂಮಸನ್ ಎಂಬವನನ್ನು ಮರೆಯಲಾಗದು. ಹದಿನಾಲ್ಕಕ್ಕೆ ಶಾಲೆ ಬಿಟ್ಟವನು, ಬೆಟ್ಟದ ಮೇಲೆ ವೀಕ್ಷಣಾಲಯಕ್ಕೆ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುತ್ತಿದ್ದವನು, ಆಮೇಲೆ ಅಲ್ಲಿಯೇ ಕಸ ಗುಡಿಸಲು ಸೇರಿದವನು. ಮುಂದೆ ಅತಿ ದೂರದ ನೀಹಾರಿಕೆಗಳ ಕೆಂಪುಪಲ್ಲಟವನ್ನು ಅಳೆಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ.

ಇಲ್ಲಿಂದ ಮುಂದೆ ಗೆರೆಯೇ ಸರಪಳಿಯಾಯಿತು. ಹತ್ತಿರದವುಗಳಲ್ಲಿ ಮಿಣುಕು ನಕ್ಷತ್ರದಿಂದ ದೂರವನ್ನೂ ಗೆರೆಯಿಂದ ಓಟವನ್ನೂ ಅಳೆದು ಇವೆರಡರ ಪ್ರಮಾಣ ಗೊತ್ತುಮಾಡಿಕೊಂಡರೆ, ಮಿಣುಕು ಕಾಣದಷ್ಟು ದೂರದ್ದಕ್ಕೆ ಗೆರೆ ಒಂದೇ ಸಾಕು. ಗೆರೆ ನೂರರಲ್ಲಿ ಒಂದು ಪಾಲು ಸರಿದಿದ್ದರೆ ದೂರ ಸುಮಾರು 14 ಕೋಟಿ ಜ್ಯೋತಿರ್ವರ್ಷ. 1963ರಲ್ಲಿ ಮಾರ್ಟೆನ್ ಸ್ಮಿಟ್ ಎಂಬಾತ ನಕ್ಷತ್ರದಂತೆಯೇ ಕಾಣುವ 3ಸಿ 273 ಎಂಬ ಬಿಂದುವಿನ ರೋಹಿತದಲ್ಲಿ ಗುರುತು ಹತ್ತದ ಗೆರೆಗಳನ್ನು ನೋಡಿ ತಲೆಕೆಡಿಸಿಕೊಂಡಿದ್ದನು. ಅವು ಜಲಜನಕದ ಹಳೆಯ ಗೆರೆಗಳೇ, ನೂರರಲ್ಲಿ 16 ಪಾಲಿನಷ್ಟು ಸರಿದಿವೆ ಅಷ್ಟೇ ಎಂದು ಹೊಳೆದಾಗ, ಆ ಬಿಂದು 200 ಕೋಟಿ ಜ್ಯೋತಿರ್ವರ್ಷಗಳ ಆಚೆಗೆ ಹೋಯಿತು.

ಈ ಸರಪಳಿಗೆ ಮಿತಿಗಳಿವೆ. ಹತ್ತಿರದವುಗಳಿಗೆ ಇದು ನಡೆಯುವುದಿಲ್ಲ. ಲುಬ್ಧಕದ ಓಟ, ಸೂರ್ಯನ ಕಲೆಯ ಹರಿವು, ದೇವಯಾನಿಯ ಬರವು ಇವೆಲ್ಲ ಅವುಗಳ ಸ್ವಂತ ನಡಿಗೆ. ಅದಕ್ಕೂ ದೂರಕ್ಕೂ ಸಂಬಂಧವಿಲ್ಲ. ಬಲು ದೂರದವುಗಳಿಗಾದರೆ ‘ಓಟ’ ಎಂಬ ಮಾತೇ ಪೂರ್ತಿ ಸರಿಯಲ್ಲ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಬಡಿಯುವುದನ್ನು ನೆನೆಸಿಕೊಳ್ಳಿ. ರೊಟ್ಟಿ ಅಗಲವಾದಂತೆ ಎಳ್ಳುಗಳು ಒಂದರಿಂದೊಂದು ದೂರವಾಗುತ್ತವೆ. ಎಳ್ಳು ಓಡುವುದಿಲ್ಲ, ಎಳ್ಳು ಹಿಗ್ಗುವುದೂ ಇಲ್ಲ. ಹಿಗ್ಗುವುದು ರೊಟ್ಟಿ. ಹಾಗೆಯೇ ನಡುವಣ ಆಕಾಶವೇ ಹಿಗ್ಗುತ್ತಿದೆ. ಅದರಲ್ಲಿ ಪಯಣಿಸುವ ಬೆಳಕಿನ ಅಲೆಯೂ ದಾರಿಯುದ್ದಕ್ಕೂ ಹಿಗ್ಗಿ ಕೆಂಪಿಗೆ ಸರಿಯುತ್ತದೆ. ಕಾಕಾ ಓದಿದ ಸುದ್ದಿಯಂಥವುಗಳಲ್ಲಿ, ಅತಿ ದೂರದ ನಕ್ಷತ್ರಲೋಕಗಳ ಅಲೆ ಸುಮಾರು 15 ಪಟ್ಟು ಹಿಗ್ಗಿ ಬಂದಿರುತ್ತದೆ. 1216 ಆಂಗ್‌ಸ್ಟ್ರಾಮಿನ ನೇರಿಳೆಯಾಚೆಯ ಬೆಳಕು 18,000 ದಾಟಿ ಕಣ್ಣಿಗೆ ಕಾಣದ ಕೆಂಪಿನಾಚೆಗೆ ಹೋಗಿರುತ್ತದೆ. ಜೇಮ್ಸ್ ವೆಬ್ ದೂರದರ್ಶಕವನ್ನು ಆಕಾಶದಲ್ಲಿ ಅಷ್ಟು ತಣ್ಣಗೆ ಇಟ್ಟಿರುವುದು ಆ ಬೆಳಕಿಗಾಗಿಯೇ. ಆ ಬೆಳಕು ಸುಮಾರು 1,350 ಕೋಟಿ ವರ್ಷ ಪಯಣಿಸಿದೆ. ಅಷ್ಟರಲ್ಲಿ ಅದು ಹೊರಟ ಜಾಗ 3,300 ಕೋಟಿ ಜ್ಯೋತಿರ್ವರ್ಷಗಳಷ್ಟು ಆಚೆಗೆ ಹೋಗಿದೆ. ಸರಪಳಿ ಎಳೆಯುತ್ತಿರುವಾಗಲೇ ಬಾಂದುಕಲ್ಲು ಸರಿಯುವಂಥ ಹೊಲ. ‘ದೂರ ಎಷ್ಟು’ ಎಂಬುದಕ್ಕೆ ಪತ್ರಿಕೆಗಳು ಒಂದೇ ಅಂಕಿ ಕೊಟ್ಟು ಸುಮ್ಮನಾಗುವುದು ನನಗೆ ಸರಿತೋರುವುದಿಲ್ಲ.

ಈ ಕೆಲಸ ಇಂದು ಎಲ್ಲೋ ಪರದೇಶದಲ್ಲಿ ಮಾತ್ರ ನಡೆಯುತ್ತಿಲ್ಲ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4,500 ಮೀಟರು ಎತ್ತರದಲ್ಲಿ, ಎರಡು ಮೀಟರು ಅಗಲದ ಕನ್ನಡಿಯ ಹಿಮಾಲಯ ಚಂದ್ರ ದೂರದರ್ಶಕ 2000ದ ಇಸವಿಯಲ್ಲಿ ಮೊದಲ ಬೆಳಕು ಕಂಡಿತು. ಅದನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹದ ಮೂಲಕ. ಎಲ್ಲೋ ಒಂದು ನಕ್ಷತ್ರಲೋಕದಲ್ಲಿ ನಕ್ಷತ್ರ ಸಿಡಿದ ಸುದ್ದಿ ಬಂದರೆ, ಹೊಸಕೋಟೆಯಲ್ಲಿ ಕುಳಿತವರು ಹಾನ್ಲೆಯ ಕನ್ನಡಿಯನ್ನು ತಿರುಗಿಸಿ ರೋಹಿತ ತೆಗೆಯುತ್ತಾರೆ. ಯಾವ ಗೆರೆ, ಎಷ್ಟು ಸರಿದಿದೆ ಎಂದು ನೋಡುತ್ತಾರೆ. 1868ರಲ್ಲಿ ಜಮಖಂಡಿಯಲ್ಲಿ ಮೋಡದ ಸಂದಿಯಲ್ಲಿ ಆದ ಕೆಲಸ ಅದೇ.

ಕೊನೆಗೆ ಒಂದು ತಕರಾರು ಉಳಿದಿದೆ, ಅದನ್ನು ಕಾಕಾನಿಂದ ಮುಚ್ಚಿಡಲಿಲ್ಲ. ಸರಪಳಿಯ ಉದ್ದವೇ ಇನ್ನೂ ಇತ್ಯರ್ಥವಾಗಿಲ್ಲ. ಹಬಲ್ ಮೊದಲು ಕೊಟ್ಟ ಪ್ರಮಾಣ, 32 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ 500 ಕಿಲೋಮೀಟರು. ಅದನ್ನು ನಂಬಿದರೆ ವಿಶ್ವದ ವಯಸ್ಸು 200 ಕೋಟಿ ವರ್ಷವಾಗಿ, ಭೂಮಿಯ ಬಂಡೆಗಳಿಗಿಂತ ವಿಶ್ವವೇ ಚಿಕ್ಕದಾಗುತ್ತಿತ್ತು! ಮಿಣುಕು ನಕ್ಷತ್ರಗಳಲ್ಲಿ ಎರಡು ಜಾತಿ ಇವೆ, ಇದುವರೆಗೆ ಅವನ್ನು ಕಲಸಿಬಿಟ್ಟಿದ್ದೆವು ಎಂದು 1952ರಲ್ಲಿ ಬಾಡೆ ತಿದ್ದಿದಾಗ ದೂರಗಳೆಲ್ಲ ಒಮ್ಮೆಗೇ ಎರಡರಷ್ಟಾದವು. ತಿದ್ದುತ್ತ ತಿದ್ದುತ್ತ ಆ 500 ಈಗ 70ರ ಆಸುಪಾಸಿಗೆ ಬಂದಿದೆ. ಆದರೆ ಮಿಣುಕು ನಕ್ಷತ್ರ, ಸಿಡಿದ ನಕ್ಷತ್ರಗಳಿಂದ ಅಳೆದವರಿಗೆ 73 ಬರುತ್ತದೆ. ವಿಶ್ವದ ಮೊದಲ ಬೆಳಕಿನ ಉಳಿಕೆಯಿಂದ ಲೆಕ್ಕ ಹಾಕಿದವರಿಗೆ 67. ಎರಡು ಕಡೆಯವರೂ ತಮ್ಮ ಲೆಕ್ಕದಲ್ಲಿ ಅಷ್ಟು ತಪ್ಪಿಲ್ಲವೆನ್ನುತ್ತಾರೆ.

“ಹಂಗಾರ ಇಬ್ಬರ ಸರಪಳೀನೂ ತಂದು ಒಂದ ಕಡೆ ಹಾಸಿ ನೋಡ್ಬೇಕು” ಎಂದರು ಕಾಕಾ, ಮಗ್ಗುಲಾಗುತ್ತ. “ಬಿಸಲಾಗ ಕಬ್ಬಿಣ ಹಿಗ್ಗತೈತಿ. ನಾವೂ ಬೆಳಿಗ್ಗೆ ಒಂದ್ಸರೆ, ಸಂಜೀಕ ಒಂದ್ಸರೆ ಸರಪಳಿ ತಾಳೆ ನೋಡ್ತಿದ್ವಿ.”